ಹೆಸರು ಬೆಳೆಯುವವರು, ಹೆಸರು ಕಾಯುವವರು

ಕಳೆದ ಸಂಚಿಕೆಯ ಎರಡನೇ ಪುಟದಲ್ಲಿ ಸಂಪಾದಕರು ಒಂದು ಚಿಕ್ಕ ಸೂಚನೆ ಹಾಕಿದ್ದರು. ಇನ್ನು ಮುಂದೆ ಬೀಜ, ಗೊಬ್ಬರ, ಔಷಧ, ಯಂತ್ರ ಯಾವುದರ ಬಗ್ಗೆ ರೈತರು ದೂರು ಬರೆದರೂ ಕಂಪನಿಯ ಹೆಸರು ಹಾಕುವುದಿಲ್ಲ, 'ಒಂದು ಕಂಪನಿ' ಅಂತಷ್ಟೇ ಹಾಕುತ್ತೇವೆ ಎಂದು. ಯಾಕೆ ಅಂತ ಬರೆದಿರಲಿಲ್ಲ. ನನಗೆ ಗೊತ್ತು. ಅದರ ಹಿಂದಿನ ಕಾರಣಗಳಲ್ಲಿ ಒಂದು ನಾನೇ.

ನಾನು ರೋಣ ತಾಲೂಕಿನ ಎರೆಭೂಮಿಯವ. ಎಂಟು ಎಕರೆ, ಎಲ್ಲಾ ಮಳೆ ನಂಬಿದ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲಾ ಬಿಳಿಜೋಳ, ಎರಡೆಕರೆಯಲ್ಲಿ ಒಣಮೆಣಸಿನಕಾಯಿ. ಓದಿದ್ದು ಏಳನೇ ಇಯತ್ತೆ. 2017ರ ಮುಂಗಾರಿಗೆ ಮನೆಯ ಮೆಣಸಿನ ಬೀಜ ಬಿಟ್ಟು ಅಂಗಡಿಯಿಂದ 20 ಪಾಕೀಟು ತಂದೆ. ಉದ್ದರಿ ತಂದದ್ದು, ಏಳು ಸಾವಿರ ರೂಪಾಯಿ. ಅಗಿ ಚೆನ್ನಾಗಿಯೇ ಎದ್ದವು. ಹಚ್ಚಿದ ಮೇಲೆ ಮಳೆಯೂ ಅಷ್ಟೋ ಇಷ್ಟೋ ಆಯಿತು. ಕಾಯಿ ಹಿಡಿಯುವ ಹೊತ್ತಿಗೆ ನೋಡಿದರೆ ಒಂದೇ ಸಾಲಿನಲ್ಲಿ ಮೂರು ನಮೂನೆ ಗಿಡ. ಒಂದರ ಕಾಯಿ ಉದ್ದ, ಸುಕ್ಕು ಸರಿಯಾಗಿದೆ. ಪಕ್ಕದ್ದು ಗಿಡ್ಡ, ದಪ್ಪ, ಮೈ ನುಣುಪು. ಇನ್ನೊಂದು ಬರೀ ಎಲೆ. ಬ್ಯಾಡಗಿ ಪೇಟೆಯಲ್ಲಿ ಕಾಯಿಗೆ ರೇಟು ಬೀಳುವುದು ಬಣ್ಣ ಮತ್ತು ಸುಕ್ಕು ನೋಡಿ. ಮಿಶ್ರ ಚೀಲಕ್ಕೆ ಟೆಂಡರಿನಲ್ಲಿ ಬರೆದ ರೇಟು ನೋಡಿದಾಗ ಅಲ್ಲೇ ಕಟ್ಟೆ ಮೇಲೆ ಕುಂತುಬಿಟ್ಟೆ. ಅದೇ ಸಿಟ್ಟಿನಲ್ಲಿ ಊರಿಗೆ ಬಂದು ಈ ಪತ್ರಿಕೆಗೆ ಹನ್ನೊಂದು ಸಾಲಿನ ಪತ್ರ ಬರೆದೆ. 2018ರ ಫೆಬ್ರವರಿಯಲ್ಲಿ ಅಚ್ಚಾಯಿತು, ಕಂಪನಿಯ ಹೆಸರಿನ ಸಮೇತ.

ಏಪ್ರಿಲ್‌ನಲ್ಲಿ ಅಂಚೆಯವರು ಸಹಿ ಮಾಡಿಸಿಕೊಂಡು ಒಂದು ದಪ್ಪ ಲಕೋಟೆ ಕೊಟ್ಟರು. ರಿಜಿಸ್ಟರ್ಡ್ ಎ.ಡಿ. ಒಳಗೆ ಮೂರು ಪುಟ ಇಂಗ್ಲಿಷು. ಹೈಸ್ಕೂಲ್ ಮಾಸ್ತರರ ಕಡೆ ಓದಿಸಿದೆ. ಬೆಂಗಳೂರಿನ ಒಬ್ಬ ವಕೀಲರು ಬರೆದದ್ದು. ನನ್ನ ಕಕ್ಷಿದಾರರು ಬಹಳ ವರ್ಷಗಳಿಂದ ಒಳ್ಳೆಯ ಹೆಸರು ಗಳಿಸಿದವರು, ನೀವು ಆ ಹೆಸರಿಗೆ ಮಸಿ ಬಳಿದಿದ್ದೀರಿ, 15 ದಿನದೊಳಗೆ ಅದೇ ಪತ್ರಿಕೆಯ ಅದೇ ಜಾಗದಲ್ಲಿ ಬೇಷರತ್ ಕ್ಷಮೆ ಕೇಳಬೇಕು, 25 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ತಪ್ಪಿದರೆ ಸಿವಿಲ್ ದಾವೆ, ಜೊತೆಗೆ ದಂಡ ಸಂಹಿತೆಯ 499, 500ನೇ ಕಲಮಿನಂತೆ ಫೌಜದಾರಿ. ಸಂಪಾದಕರಿಗೂ ಇಂಥದ್ದೇ ಒಂದು ಹೋಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಕುಂತು ಲೆಕ್ಕ ಹಾಕಿದೆ. ಕ್ವಿಂಟಲಿಗೆ ಐದು ಸಾವಿರದಂತೆ 25 ಲಕ್ಷಕ್ಕೆ 500 ಕ್ವಿಂಟಲ್ ಹೆಸರು ಬೇಕು. ಎಂಟೂ ಎಕರೆಗೆ ಹೆಸರೇ ಬಿತ್ತಿ, ಎಕರೆಗೆ ಮೂರು ಕ್ವಿಂಟಲ್ ಬಂದರೆ ವರ್ಷಕ್ಕೆ 24 ಕ್ವಿಂಟಲ್. ಅವರ ಹೆಸರಿಗೆ ನನ್ನ 21 ವರ್ಷದ ಹೆಸರು. ಅದೂ ಒಂದು ವರ್ಷವೂ ಮಳೆ ಕೈಕೊಡದಿದ್ದರೆ, ಹಳದಿ ರೋಗ ಬರದಿದ್ದರೆ, ನಾವು ಯಾರೂ ಊಟ ಮಾಡದಿದ್ದರೆ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ವಕೀಲ. ಅವನು ಏನು ಕೆಲಸ ಮಾಡುತ್ತಾನೆ ಅಂತ ಅಲ್ಲಿಯವರೆಗೆ ನಾನು ಸರಿಯಾಗಿ ಕೇಳಿರಲಿಲ್ಲ. ವಕೀಲ ಅಂದರೆ ಹೊಲದ ಹದ್ದಿನ ಜಗಳ, ವಾಟ್ನಿ ಪತ್ರ, ಜಾಮೀನು ಅಂತ ನಮ್ಮ ತಿಳುವಳಿಕೆ. ಫೋನು ಮಾಡಿ ಹೇಳಿದೆ. ಆ ಶನಿವಾರವೇ ಬಂದ. ಕಟ್ಟೆ ಮೇಲೆ ಕುಂತು ನೋಟೀಸು ಓದಿದ, ಆಮೇಲೆ ನನ್ನ ಹನ್ನೊಂದು ಸಾಲು ಓದಿದ, ಕಿಸೆಯಿಂದ ಪೆನ್ಸಿಲ್ ತೆಗೆದ.

"ಮಾಮಾ, ಒಂದೊಂದ ಸಾಲಿಗೂ ಹೇಳು. ಇದನ್ನ ನೀ ಕಣ್ಣಾರೆ ನೋಡೀಯೋ, ಇಲ್ಲಾ ಸಿಟ್ಟಿನಾಗ ಬರದೀಯೋ?"

20 ಪಾಕೀಟು ತಂದದ್ದು ಕಣ್ಣು ನೋಡಿದ್ದು. ಎರಡೆಕರೆ ಹಚ್ಚಿದ್ದು ಕಣ್ಣಿನದು. ಮೂರು ನಮೂನೆ ಗಿಡ, ಪೇಟೆಯ ರೇಟು ಎಲ್ಲಾ ಕಣ್ಣಿನವೇ. ಆಮೇಲೆ ಬಂತು: 'ಇವರ ಎಲ್ಲಾ ಬೀಜವೂ ಬೋಗಸ್'.

"ಎಲ್ಲಾ ಬೀಜ ನೀ ಬಿತ್ತೀಯೇನ?"

ಇಲ್ಲ.

'ಅಧಿಕಾರಿಗಳಿಗೆ ತಿನ್ನಿಸಿ ಲೈಸನ್ಸ್ ತೆಗೆದುಕೊಂಡಿದ್ದಾರೆ.'

"ತಿನಸೂದು ನೋಡೀಯಾ?"

ನೋಡಿಲ್ಲ. 'ಗದಗ ಜಿಲ್ಲೆಯ ಸಾವಿರ ರೈತರು ಹಾಳಾದರು.' ನಮ್ಮ ಊರಲ್ಲಿ ಆ ಬೀಜ ತಂದವರು ನನ್ನನ್ನು ಬಿಟ್ಟು ಇಬ್ಬರೇ. 'ಇವರು ಕಳ್ಳರು' ಎಂಬುದಕ್ಕೆ ಅವನು ಪ್ರಶ್ನೆಯನ್ನೇ ಕೇಳಲಿಲ್ಲ, ಗೆರೆ ಎಳೆದ. ಏಳು ಸಾಲು ಕಣ್ಣಿನವು, ನಾಲ್ಕು ಸಾಲು ಸಿಟ್ಟಿನವು.

"ಏಳು ಸಾಲಿಗೆ ನಿನ್ನ ಯಾರೂ ಅಲ್ಲಾಡಸೂದಿಲ್ಲ. ಖರೇ ಇದ್ದದ್ದು ಖರೇ ಅಂತ ತೋರಿಸಿದರ ಮಾನನಷ್ಟ ಆಗೂದಿಲ್ಲ. ನಾಲ್ಕು ಸಾಲಿಗೆ ಮಾತ್ರ ನೀ ಸಿಗತಿ."

ತೋರಿಸಲು ಏನಿದೆ ಅಂದ. ಬಿಲ್ಲು ಇಲ್ಲ, ಅಂಗಡಿಯವ ಬಿಳಿ ಚೀಟಿಯಲ್ಲಿ ಬರೆದುಕೊಟ್ಟಿದ್ದ, ಅದೂ ಎಲ್ಲೋ ಹೋಯಿತು. ಆಗ ನನ್ನ ಮನೆಯವಳು ಒಳಗಿಂದ ಎರಡು ಖಾಲಿ ಪಾಕೀಟು ತಂದಳು. ಅದರಲ್ಲಿ ಸವತೆ ಬೀಜ ಕಟ್ಟಿ ಜಂತಿಗೆ ಸಿಕ್ಕಿಸಿದ್ದಳು. ಲಾಟ್ ನಂಬರು, ತಯಾರಾದ ತಿಂಗಳು ಎಲ್ಲಾ ಸ್ವಚ್ಛ ಕಾಣುತ್ತಿತ್ತು. ನನ್ನ ಓದು, ಅಳಿಯನ ಓದು ಎರಡಕ್ಕಿಂತ ಆ ಸವತೆ ಬೀಜವೇ ಅವತ್ತು ಕೆಲಸಕ್ಕೆ ಬಂತು.

ನಾಲ್ಕು ಸಾಲು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಏಳು ಸಾಲಿಗೆ ಬದ್ಧನಿದ್ದೇನೆ, ಪಾಕೀಟು ನನ್ನ ಹತ್ತಿರ ಇದೆ, ಬಂದು ನೋಡಬಹುದು ಎಂದು ಒಂದು ಪುಟದ ಉತ್ತರ ಬರೆದ. ಜೂನ್ ಸಂಚಿಕೆಯಲ್ಲಿ ಅಷ್ಟನ್ನೇ ಅಚ್ಚು ಮಾಡಿಸಿದೆವು. ಆಮೇಲೆ ಆ ಕಡೆಯಿಂದ ಒಂದು ಕಾಗದವೂ ಬರಲಿಲ್ಲ. ಮಾನನಷ್ಟಕ್ಕೆ ಸಿವಿಲ್ ದಾವೆ ಹಾಕಲು ಒಂದೇ ವರ್ಷದ ಅವಧಿಯಂತೆ. 2019ರ ಫೆಬ್ರವರಿ ದಾಟಿದ ದಿನ ಅಳಿಯ ಫೋನು ಮಾಡಿ ಹೋಳಿಗೆ ಮಾಡಿಸು ಅಂದ.

ಆದರೆ ಗೆದ್ದವರು ಯಾರು? ನನ್ನ ಮೆಣಸಿನಕಾಯಿಯ ನಷ್ಟ ನಷ್ಟವಾಗಿಯೇ ಉಳಿಯಿತು. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ಕೋರ್ಟಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲೇ ಹೇಳಿದೆ. ಬಿತ್ತಿದ ಬೀಜದಲ್ಲಿ ಪರೀಕ್ಷೆಗೆ ಅಂತ ಒಂದು ಪಾಲು ತೆಗೆದಿಡಬೇಕು ಎಂದು ರೈತನಿಂದ ನಿರೀಕ್ಷಿಸಲಾಗದು ಅಂತಲೂ ಆ ತೀರ್ಪಿನಲ್ಲಿದೆ. ಎಲ್ಲ ಓದುಗರೂ ಇದನ್ನು ನೆನಪಿಡಬೇಕು. ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ಬಿಲ್ಲು ಇಲ್ಲ. ಅದೇ ಬೀಜ ತಂದಿದ್ದ ಇಬ್ಬರೂ ನೋಟೀಸಿನ ಸುದ್ದಿ ಕೇಳಿ, "ನಮ್ಮ ಹೆಸರು ಎಲ್ಲೂ ಬರೀಬ್ಯಾಡಪಾ" ಅಂದರು. ಅಂಗಡಿಯವ ಉದ್ದರಿ ಕೊಡುವುದು ನಿಲ್ಲಿಸಿದ. ನಾನು ಆಮೇಲೆ ಈ ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲ ಸಲ. ಮೊದಲು ವರ್ಷಕ್ಕೆ ಮೂರಾದರೂ ಬರೆಯುತ್ತಿದ್ದೆ. ಕೋರ್ಟಿನ ಮೆಟ್ಟಿಲು ಹತ್ತದೆಯೇ ಆ ಮೂರು ಪುಟ ತನ್ನ ಕೆಲಸ ಮಾಡಿ ಮುಗಿಸಿತ್ತು.

ಆ ವರ್ಷ ದೀಪಾವಳಿಗೆ ಅಳಿಯ ಬಂದಾಗ ಕೇಳಿಯೇಬಿಟ್ಟೆ. "ನೀನೂ ಇಂಥಾ ನೋಟೀಸು ಬರೀತೀಯೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರೀತೀನಿ ಮಾಮಾ. ವಾರಕ್ಕ ಎರಡೋ ಮೂರೋ."

"ಯಾರ ಕೈಗೆ ಹೋಗತದ ಅಂತ ನೋಡ್ತೀಯಾ?"

"ಅಡ್ರೆಸ್ ನೋಡ್ತೀವಿ."

ಅದೇ ಅವನ ಕಸುಬು. ಕಂಪನಿಗಳ ಹೆಸರು, ಗುರುತು, ಮಾನ ಇವನ್ನು ಕಾಯುವುದು. ನಾವು ಹೆಸರಿನ ಹೊಲಕ್ಕೆ ಜಿಂಕೆ ಬರದಂತೆ ಕಾಯುವ ಹಾಗೆ ಅವನು ಬೇರೆ ಹೆಸರು ಕಾಯುತ್ತಾನೆ. ನಾನು ಬೈದೆ. ಅವನು ಬೈಸಿಕೊಂಡ, ಆಮೇಲೆ ತನ್ನ ಕಡೆಯ ಮಾತು ಹೇಳಿದ. ಒಬ್ಬರ ಒಳ್ಳೆಯ ಔಷಧದ ಹೆಸರನ್ನು ಇನ್ನೊಬ್ಬ ಕದ್ದು ಬಾಟಲಿಗೆ ಬಣ್ಣದ ನೀರು ತುಂಬಿ ಮಾರುತ್ತಾನೆ. ಅದನ್ನು ಹೊಡೆದು ಬೆಳೆ ಕಳೆದುಕೊಳ್ಳುವವ ರೈತನೇ. ಆ ನಕಲಿಯವನನ್ನು ಹಿಡಿಸುವುದು, ಕೋರ್ಟಿನಿಂದ ತಡೆಯಾಜ್ಞೆ ತಂದು ಗೋದಾಮಿಗೆ ಬೀಗ ಹಾಕಿಸುವುದು ಇದೇ ವಕೀಲರ ಕೆಲಸ. ಇದು ಸುಳ್ಳಲ್ಲ. ನಾನು ಒಪ್ಪಿದೆ.

ಒಪ್ಪಿದ ಮೇಲೆಯೇ ನನಗೆ ಇನ್ನೊಂದು ಹೊಳೆದದ್ದು. ನಾನು ತಂದ ಪಾಕೀಟೂ ನಕಲಿ ಇದ್ದಿರಬಹುದಲ್ಲ? ಬಿಲ್ಲಿಲ್ಲದ ಮಾಲು. ಹಾಗಿದ್ದರೆ ಆ ಕಂಪನಿಯವರೂ ನಾನೂ ಒಂದೇ ಕಡೆ ನಿಲ್ಲಬೇಕಾದವರು. ಲಾಟ್ ನಂಬರು ನೋಡಿದರೆ ಅರ್ಧ ಗಂಟೆಯಲ್ಲಿ ಅವರಿಗೆ ತಿಳಿಯುತ್ತಿತ್ತು. ಮೂರು ಪುಟ ಬರೆದವರು, ಅಂಚೆಗೆ ದುಡ್ಡು ಹಾಕಿದವರು, 'ಪಾಕೀಟು ತೋರಿಸಿ' ಅಂತ ಒಂದು ಸಾಲು ಬರೆಯಲಿಲ್ಲ. ನಾವಾಗಿ ಬಂದು ನೋಡಿ ಅಂದರೂ ಬರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಹೆಸರು ಕಾಯುವುದಕ್ಕಲ್ಲ, ಬೀಜ ನೋಡದೆ ಹೆಸರು ಕಾಯುವುದಕ್ಕೆ.

ಈ ಹೆಸರಿನ ಜಗಳ ದೊಡ್ಡವರಿಗೇ ಸೇರಿದ್ದು ಅಂತ ತಿಳಿಯಬೇಡಿ. ನಮ್ಮದೇ ಒಂದಿದೆ. ದಿನಾ ಬೆಳಿಗ್ಗೆ ನಾವು ಡೈರಿಗೆ ಹಾಕುವ ಹಾಲು 'ನಂದಿನಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೆ.ಎಂ.ಎಫ್. ಈ ಹೆಸರನ್ನು 1985ರಿಂದ ಇಟ್ಟುಕೊಂಡಿದೆ. ಬೆಂಗಳೂರಿನಲ್ಲಿ 1989ರಲ್ಲಿ ಶುರುವಾದ ಒಂದು ಹೋಟೆಲು 'ನಂಧಿನಿ ಡಿಲಕ್ಸ್'. ಅವರು ತಮ್ಮ ಆಹಾರ ಪದಾರ್ಥಗಳಿಗೂ ಆ ಹೆಸರನ್ನು ನೋಂದಾಯಿಸಲು ಹೋದರು. ಕೆ.ಎಂ.ಎಫ್. ತಕರಾರು ಹಾಕಿತು. 2007ರಲ್ಲಿ ನೋಂದಣಿ ಅಧಿಕಾರಿ ಹೋಟೆಲಿನ ಪರ, 2010ರಲ್ಲಿ ಮೇಲ್ಮನವಿ ಮಂಡಳಿ ಕೆ.ಎಂ.ಎಫ್. ಪರ, 2014ರಲ್ಲಿ ಹೈಕೋರ್ಟೂ ಕೆ.ಎಂ.ಎಫ್. ಪರ. ಕೊನೆಗೆ 2018ರ ಜುಲೈ 26ಕ್ಕೆ ಸುಪ್ರೀಂ ಕೋರ್ಟು ಹೋಟೆಲಿನ ಪರ ಹೇಳಿತು. ನಂದಿನಿ ಅಂದರೆ ಪುರಾಣದ ಆಕಳು, ದೇವಿಯ ಹೆಸರು, ಒಬ್ಬರೇ ಹುಟ್ಟಿಸಿದ ಶಬ್ದವಲ್ಲ, ಎರಡರ ಚಿತ್ರವೂ ಬೇರೆ ಬೇರೆ, ಹಾಗಾಗಿ ಹೋಟೆಲಿನವರು ಇಟ್ಟುಕೊಳ್ಳಬಹುದು, ಆದರೆ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಮಾತ್ರ ಆಗದು ಎಂದು. ತೀರ್ಪು ಸರಿಯೇ ಅನ್ನಿಸುತ್ತದೆ ನನಗೆ. ಆಕಳ ಹೆಸರನ್ನು ಯಾರು ಗುತ್ತಿಗೆ ಹಿಡಿಯಲು ಬರುತ್ತದೆ? ಆದರೆ ಗಮನಿಸಿ, ಅಲ್ಲಿ ಎರಡೂ ಕಡೆ ವಕೀಲರಿದ್ದರು. ಎರಡೂ ಕಡೆ ಖರ್ಚು ಮಾಡುವ ಶಕ್ತಿ ಇತ್ತು. ಹನ್ನೊಂದು ವರ್ಷ ಸಮನಾಗಿ ಗುದ್ದಾಡಿದರು.

ಸಮ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಅಳಿಯ ಒಂದು ಇಂಗ್ಲೆಂಡಿನ ಕಥೆ ಹೇಳಿದ. ಖರೇ ನಡೆದದ್ದು. ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. 1986ರಲ್ಲಿ ಲಂಡನ್ನಿನ ಕೆಲವರು ಮ್ಯಾಕ್‌ಡೊನಾಲ್ಡ್ಸ್ ಎಂಬ ಅಮೆರಿಕದ ತಿಂಡಿ ಕಂಪನಿಯ ಮೇಲೆ ಒಂದು ಕರಪತ್ರ ಹಂಚಿದರು. ಕಾಡು, ದನ, ಕೂಲಿ, ಮಕ್ಕಳಿಗೆ ತೋರಿಸುವ ಜಾಹೀರಾತು ಎಲ್ಲದರ ಬಗ್ಗೆ ಅದರಲ್ಲಿ ಬರೆದಿತ್ತು. 1990ರಲ್ಲಿ ಕಂಪನಿ ಐದು ಜನರ ಮೇಲೆ ದಾವೆ ಹಾಕಿತು. ಮೂವರು ಕ್ಷಮೆ ಕೇಳಿ ಬಿಡಿಸಿಕೊಂಡರು. ಉಳಿದವರು ಇಬ್ಬರು, ಹೆಲೆನ್ ಸ್ಟೀಲ್ ಮತ್ತು ಡೇವಿಡ್ ಮಾರಿಸ್. ಒಬ್ಬಾಕೆ ತೋಟದ ಕೆಲಸ ಮಾಡಿದವಳು, ಇನ್ನೊಬ್ಬ ಮೊದಲು ಅಂಚೆಯವ. ವಕೀಲರನ್ನು ಇಡಲು ದುಡ್ಡಿಲ್ಲ. ಮಾನನಷ್ಟದ ಕೇಸಿಗೆ ಅಲ್ಲಿನ ಸರ್ಕಾರ ಕಾನೂನು ನೆರವೂ ಕೊಡುತ್ತಿರಲಿಲ್ಲ. ತಾವೇ ನಿಂತು ವಾದಿಸಿದರು. 1994ರಲ್ಲಿ ಶುರುವಾದ ವಿಚಾರಣೆ 313 ದಿನ ನಡೆಯಿತು.

ಕಂಪನಿಯ ಪರ ನಿಂತವರು ರಿಚರ್ಡ್ ರಾಂಪ್ಟನ್. ಮಾನನಷ್ಟದ ಕಾನೂನಿನಲ್ಲೇ ಪಳಗಿದ ದೊಡ್ಡ ಬ್ಯಾರಿಸ್ಟರು. 1997ರ ಜೂನ್ 19ಕ್ಕೆ ತೀರ್ಪು ಬಂತು. ಇಬ್ಬರೂ ಸೋತರು, 60,000 ಪೌಂಡ್ ದಂಡ. ಆದರೆ ಅದೇ ನ್ಯಾಯಾಧೀಶರು ಕೆಲವು ಮಾತು ಖರೇ ಅಂತಲೂ ಬರೆದರು. ಜಾಹೀರಾತಿನಲ್ಲಿ ಮಕ್ಕಳನ್ನು ಬಳಸಿಕೊಳ್ಳುತ್ತಾರೆ, ಪ್ರಾಣಿಗಳ ಹಿಂಸೆಗೆ ಅವರೂ ಹೊಣೆ, ಕೂಲಿ ಕಡಿಮೆ ಎಂದು. ಕರಪತ್ರ ಓದದವರೆಲ್ಲ ಪೇಪರಿನಲ್ಲಿ ಈ ತೀರ್ಪು ಓದಿದರು. 1999ರಲ್ಲಿ ದಂಡ 40,000 ಪೌಂಡಿಗೆ ಇಳಿಯಿತು, ಕಂಪನಿ ಅದನ್ನು ವಸೂಲಿಗೇ ಹೋಗಲಿಲ್ಲ. ಇಬ್ಬರೂ ಸುಮ್ಮನಾಗದೆ ಯೂರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2005ರ ಫೆಬ್ರವರಿ 15ಕ್ಕೆ ಆ ನ್ಯಾಯಾಲಯ ಹೇಳಿದ್ದಿಷ್ಟು: ಇಷ್ಟು ದೊಡ್ಡ ಕಂಪನಿಯ ಎದುರು ಇವರಿಗೆ ವಕೀಲರ ನೆರವು ಕೊಡದೆ ನಡೆಸಿದ ವಿಚಾರಣೆ ನ್ಯಾಯವಾದದ್ದಲ್ಲ. ದಂಡ ತೆತ್ತದ್ದು ಕೊನೆಗೆ ಬ್ರಿಟನ್ ಸರ್ಕಾರ.

ಆ ರಾಂಪ್ಟನ್ ಸಾಹೇಬರನ್ನು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಅಳಿಯ ತಡೆದ. ಮೂರು ವರ್ಷದ ನಂತರ, 2000ದಲ್ಲಿ, ಹಿಟ್ಲರ್ ಯಹೂದಿಗಳನ್ನು ಕೊಲ್ಲಿಸಿದ್ದೇ ಸುಳ್ಳು ಅನ್ನುವ ಡೇವಿಡ್ ಅರ್ವಿಂಗ್ ಎಂಬವನು, ತನ್ನನ್ನು ಹಾಗೆ ಕರೆದು ಮಾನ ಕಳೆದರು ಅಂತ ಡೆಬೊರಾ ಲಿಪ್‌ಸ್ಟಾಟ್ ಎಂಬ ಇತಿಹಾಸದ ಪಂಡಿತೆಯ ಮೇಲೆ ಹಾಕಿದ್ದ ದಾವೆ ವಿಚಾರಣೆಗೆ ಬಂತು. ಆಕೆಯ ಪರ ನಿಂತು ಅವನ ಸುಳ್ಳನ್ನು ಕೋರ್ಟಿನಲ್ಲಿ ಬಿಡಿಸಿಟ್ಟವರು ಇದೇ ರಾಂಪ್ಟನ್. ಅದೇ ಕಾನೂನು, ಅದೇ ವಕೀಲ. ಒಂದು ಸಲ ತೋಟದವಳ ಎದುರು, ಇನ್ನೊಂದು ಸಲ ಸುಳ್ಳುಗಾರನ ಎದುರು. ಕುಡಗೋಲು ಯಾರ ಬೆಳೆ ಅಂತ ಕೇಳುವುದಿಲ್ಲ, ಹಿಡಿದವರ ಕೈ ನೋಡಬೇಕು. ಆ ಕೈಗೆ ಕೂಲಿ ಕೊಡುವ ಶಕ್ತಿ ನಮಗೂ ಬೇಕು ಅನ್ನುವುದೇ ನನ್ನ ಮಾತು.

ನಮ್ಮ ದೇಶದಲ್ಲೂ ಒಂದು ನಡೆದಿದೆ, ಬಹಳ ಓದುಗರಿಗೆ ನೆನಪಿರಬಹುದು. 2019ರಲ್ಲಿ ಪೆಪ್ಸಿಕೊ ಕಂಪನಿ ತನ್ನ ಎಫ್.ಎಲ್. 2027 ಎಂಬ ಆಲೂಗಡ್ಡೆ ತಳಿಯನ್ನು ಬೆಳೆದರು ಅಂತ ಗುಜರಾತಿನ ನಾಲ್ಕು ರೈತರ ಮೇಲೆ ತಲಾ ಒಂದು ಕೋಟಿಗೂ ಮೇಲೆ ಪರಿಹಾರ ಕೇಳಿ ಕೋರ್ಟಿಗೆ ಹೋಯಿತು. ಇದು ಮಾನನಷ್ಟವಲ್ಲ, ತಳಿಯ ಹಕ್ಕಿನ ಪ್ರಶ್ನೆ. ಆದರೆ ದೇಶದ ತುಂಬಾ ಕೂಗು ಎದ್ದು ಕಂಪನಿಯ ಮಾನವೇ ಬೀದಿಗೆ ಬಂತು. ಮೇ ತಿಂಗಳಲ್ಲಿ ದಾವೆ ವಾಪಸು. 2021ರಲ್ಲಿ ತಳಿಯ ನೋಂದಣಿಯೇ ರದ್ದಾಗಿತ್ತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಅದನ್ನು ಮತ್ತೆ ಊರ್ಜಿತ ಮಾಡಿತು. ಕಾನೂನಿನಲ್ಲಿ ಅವರಿಗೆ ಏನು ಸಿಕ್ಕಿತೋ ಸಿಗಲಿ. ಕೂಗು ಎಬ್ಬಿಸಿದ್ದು ನಾಲ್ಕು ರೈತರಲ್ಲ, ಬರೆದವರು, ಮಾತಾಡಿದವರು. ಅವತ್ತು ಎಲ್ಲಾ ಪತ್ರಿಕೆಗಳೂ 'ಒಂದು ಕಂಪನಿ, ಒಂದು ತಳಿ' ಅಂತ ಬರೆದಿದ್ದರೆ ಆ ನಾಲ್ವರ ಗತಿ ಏನಾಗುತ್ತಿತ್ತು?

2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಸುದ್ದಿ ಸಂಸ್ಥೆಯ ಕೇಸಿನಲ್ಲಿ ಕೆಳ ಕೋರ್ಟುಗಳಿಗೆ ಎಚ್ಚರಿಕೆ ಹೇಳಿದೆ. ಪೂರಾ ವಿಚಾರಣೆ ಆಗುವ ಮೊದಲೇ ಬರಹಕ್ಕೆ ತಡೆಯಾಜ್ಞೆ ಕೊಡುವಾಗ ಬಹಳ ಯೋಚಿಸಬೇಕು, ದುಡ್ಡಿದ್ದವರು ಜನರ ಬಾಯಿ ಮುಚ್ಚಿಸಲು ಇಂಥ ದಾವೆ ಹಾಕುವುದುಂಟು ಎಂದು. ಇಂಥ ದಾವೆಗೆ ಇಂಗ್ಲಿಷಿನಲ್ಲಿ 'ಸ್ಲ್ಯಾಪ್' ಅನ್ನುತ್ತಾರಂತೆ. ಕಪಾಳಕ್ಕೆ ಬಿಗಿಯುವುದಕ್ಕೂ ಅದೇ ಶಬ್ದ ಅಂತ ಅಳಿಯ ನಕ್ಕ. ಬಿಗಿಸಿಕೊಂಡವ ನಾನು, ನನಗೇನು ನಗು ಬರಲಿಲ್ಲ. ಇಂಗ್ಲೆಂಡಿನಲ್ಲಿ 2013ರಲ್ಲಿ ಕಾನೂನು ಬದಲಾಗಿದೆ. ಕಂಪನಿಗೆ ಗಂಭೀರ ಹಣದ ನಷ್ಟ ಆಗಿದೆ ಅಥವಾ ಆಗುವ ಸಂಭವ ಇದೆ ಅಂತ ತೋರಿಸದೆ ಅದು ಮಾನನಷ್ಟದ ದಾವೆ ಗೆಲ್ಲಲು ಬರುವುದಿಲ್ಲ. ನಮ್ಮಲ್ಲಿ ಹಾಗೆ ಬರೆದ ಕಾನೂನಿಲ್ಲ. ಹಳೇ 499, 500ನೇ ಕಲಮು 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ 356 ಆಗಿದೆ.

ಇನ್ನು ನಮ್ಮ ಹೆಸರಿನ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ, ಮೈಯೆಲ್ಲಾ ಸುಕ್ಕು. ಇದರ ಬಣ್ಣದ ಎಣ್ಣೆ ತೆಗೆದು ಲಿಪ್‌ಸ್ಟಿಕ್ಕಿನವರೆಗೆ ಹೋಗುತ್ತದೆ. ಈ ಹೆಸರು ಯಾವ ಕಂಪನಿ ಗಳಿಸಿದ್ದು? ನಮ್ಮ ಅಜ್ಜಂದಿರು ಸುಗ್ಗಿಯಲ್ಲಿ ಒಳ್ಳೆಯ ಗಿಡ ನೋಡಿ, ಕಾಯಿ ಆರಿಸಿ, ಬೀಜ ಕಟ್ಟಿಟ್ಟು ಗಳಿಸಿದ್ದು. ಈಗ ಯಾವ ಊರಿನ ಕಾಯಿಯನ್ನೂ ಪುಡಿ ಮಾಡಿ ಬ್ಯಾಡಗಿ ಅಂತ ಬರೆದು ಮಾರಿದರೆ ಕೇಳುವವರು ಯಾರು? ಆಂಧ್ರದ ರೈತ ತನ್ನ ಕಾಯಿಯನ್ನು ಬ್ಯಾಡಗಿ ಪೇಟೆಗೆ ತಂದು ಮಾರುವುದು ತಪ್ಪಲ್ಲ, ಅವನೂ ನಮ್ಮ ಹಾಗೇ ರೈತ. ತಪ್ಪು ಆಗುವುದು ಆಮೇಲೆ, ಹೆಸರು ಅಂಟಿಸುವಾಗ. ಜಿ.ಐ. ಕಾನೂನಿನಲ್ಲಿ ಬೆಳೆಗಾರರು 'ಅಧಿಕೃತ ಬಳಕೆದಾರ' ಅಂತ ನೋಂದಾಯಿಸಿಕೊಳ್ಳಬೇಕು. ಹಾಗೆ ನೋಂದಾಯಿಸಿಕೊಂಡವನು ನಕಲಿಯವನ ಮೇಲೆ ತಾನೇ ಕೋರ್ಟಿಗೆ ಹೋಗಬಹುದು. ನಮ್ಮ ಊರಲ್ಲಿ ಮೆಣಸಿನಕಾಯಿ ಹಾಕುವ ಮನೆ ನಲವತ್ತರ ಮೇಲಿವೆ. ನೋಂದಾಯಿಸಿಕೊಂಡವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ನಮ್ಮ ಕಡೆಯಿಂದ ವಾರಕ್ಕೆ ಮೂರಿರಲಿ, ವರ್ಷಕ್ಕೆ ಒಂದು ನೋಟೀಸೂ ಹೋಗುವುದಿಲ್ಲ. ನನ್ನ ಅಳಿಯನಂಥವರು ನಮಗೆ ಬೇಕಾದದ್ದು ಇಲ್ಲಿ.

ಇನ್ನೊಂದು ಮಾತು ಬರೆಯದಿದ್ದರೆ ನಾನು ಅರ್ಧ ಮಾತ್ರ ಬರೆದ ಹಾಗಾಗುತ್ತದೆ. ಬಹಳ ವರ್ಷದ ಕೆಳಗೆ ನಮ್ಮೂರಲ್ಲಿ ಒಬ್ಬ ಮುದುಕಿ ಉಳ್ಳಾಗಡ್ಡಿ ಬೀಜ ಮಾರುತ್ತಿದ್ದಳು. ಮನೆಯ ಹಿತ್ತಲಲ್ಲಿ ಗಡ್ಡೆ ನೆಟ್ಟು, ಹೂವಿನ ಚೆಂಡು ಒಣಗಿಸಿ, ತಿಕ್ಕಿ, ಕೇರಿ, ಸೇರಿನ ಲೆಕ್ಕದಲ್ಲಿ ಕೊಡುತ್ತಿದ್ದಳು. ಒಂದು ವರ್ಷ ನನ್ನ ಮಡಿಯಲ್ಲಿ ಅವಳ ಬೀಜ ಅರ್ಧವೂ ಹುಟ್ಟಲಿಲ್ಲ. ಚಹಾದ ಅಂಗಡಿಯಲ್ಲಿ ಕುಂತು, "ಮುದುಕಿ ಹಳೇ ಬೀಜ ಬೆರಸ್ಯಾಳ" ಅಂದೆ. ಆಮೇಲೆ ತಿಳಿಯಿತು, ಬಿತ್ತಿದ ಮೂರನೇ ದಿನ ಬಿದ್ದ ಮಳೆಗೆ ನನ್ನ ಮಡಿಯಲ್ಲೇ ನೀರು ನಿಂತು ಹೆಪ್ಪಾಗಿತ್ತು. ಬೇರೆಯವರ ಮಡಿಯಲ್ಲಿ ಅದೇ ಬೀಜ ಹುಟ್ಟಿತ್ತು. ಅಷ್ಟರಲ್ಲಿ ನನ್ನ ಮಾತು ಮೂರು ಊರು ತಿರುಗಿ ಬಂದಿತ್ತು. ಮುಂದಿನ ವರ್ಷ ಅವಳ ಹತ್ತಿರ ಯಾರೂ ಹೋಗಲಿಲ್ಲ. ಅದರ ಮುಂದಿನ ವರ್ಷ ಅವಳು ಗಡ್ಡೆ ನೆಡಲೇ ಇಲ್ಲ. ಅವಳ ಮಾನಕ್ಕೆ 25 ಲಕ್ಷ ಕೇಳುವ ವಕೀಲರು ಯಾರೂ ಇರಲಿಲ್ಲ. ನಾನು ಕ್ಷಮೆಯನ್ನೂ ಕೇಳಲಿಲ್ಲ. ಕೇಳಬೇಕು ಅಂದುಕೊಂಡಾಗ ಅವಳೇ ಇರಲಿಲ್ಲ. ಅಳಿಯ ಪೆನ್ಸಿಲ್ ಹಿಡಿದು ಕುಂತಾಗ ನನಗೆ ನೆನಪಾದದ್ದು ಅವಳೇ.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ. ಹೆಸರು ಹಾಕುವುದೇ ಇಲ್ಲ ಎಂಬ ನಿಯಮ ಬೇಡ. 'ಒಂದು ಕಂಪನಿ' ಅಂತ ಬರೆದರೆ ಮೋಸ ಮಾಡಿದವನಿಗೆ ಮರೆ ಸಿಗುತ್ತದೆ, ಮಾಡದವರೆಲ್ಲರ ಮೇಲೆ ಅನುಮಾನ ಬೀಳುತ್ತದೆ. ಬಿಲ್ಲು, ಪಾಕೀಟು, ಲಾಟ್ ನಂಬರು ಇದ್ದ ದೂರನ್ನು ಮಾತ್ರ ತೆಗೆದುಕೊಳ್ಳಿ. ಅಚ್ಚಿಗೆ ಹೋಗುವ ಮೊದಲು ಕಂಪನಿಗೆ ಅದರ ಪ್ರತಿ ಕಳಿಸಿ ಒಂದು ತಿಂಗಳು ಕಾಯಿರಿ. ಉತ್ತರ ಬಂದರೆ ಪಕ್ಕದಲ್ಲೇ ಹಾಕಿ, ಬರದಿದ್ದರೆ ಬರಲಿಲ್ಲ ಅಂತ ಹಾಕಿ. ಸಿಟ್ಟಿನ ಸಾಲನ್ನು ನೀವೇ ಹೊಡೆದುಹಾಕಿ, ಬರೆದವರು ಬೇಜಾರಾದರೆ ಆಗಲಿ. ಇಷ್ಟೆಲ್ಲಾ ಮಾಡಿದ ಮೇಲೂ ನೋಟೀಸು ಬಂದರೆ ಉತ್ತರ ಬರೆಯಲು ಒಬ್ಬ ವಕೀಲರು ಬೇಕಾಗುತ್ತದೆ. ಚಂದಾದಾರರು ವರ್ಷಕ್ಕೆ ಇಪ್ಪತ್ತೋ ಐವತ್ತೋ ಹೆಚ್ಚು ಕೊಟ್ಟರೆ ಅದೇನು ದೊಡ್ಡದಲ್ಲ. ನನ್ನ ಪಾಲಿನ ನೂರು ರೂಪಾಯಿ ಈ ಸಲದ ಚಂದಾದ ಜೊತೆಗೇ ಕಳಿಸಿದ್ದೇನೆ. ಬೇಡವಾದರೆ ಮುಂದಿನ ವರ್ಷದ ಚಂದಾಕ್ಕೆ ಜಮಾ ಮಾಡಿಕೊಳ್ಳಿ.

ಈ ನಿಯಮ 2018ರಲ್ಲೇ ಇದ್ದಿದ್ದರೆ ನನ್ನ ಪತ್ರದಲ್ಲಿ ಕಂಪನಿಯ ಹೆಸರು ಬರುತ್ತಿತ್ತೇ ಅಂತ ಯಾರಾದರೂ ಕೇಳಬಹುದು. ಬರುತ್ತಿರಲಿಲ್ಲ, ನನ್ನ ಹತ್ತಿರ ಬಿಲ್ಲು ಇರಲಿಲ್ಲವಲ್ಲ. ಅದಕ್ಕೇ ಇವತ್ತೂ ಇಲ್ಲಿ ಬರೆದಿಲ್ಲ. ಈಗ ಬೀಜದ ಬಿಲ್ಲೆಲ್ಲಾ ಬಿಸ್ಕೀಟಿನ ಡಬ್ಬಿಯಲ್ಲಿದೆ. ಆ ಎರಡು ಪಾಕೀಟೂ ಅದರಲ್ಲೇ ಇವೆ, ಸವತೆ ಬೀಜ ಮಾತ್ರ ಬಿತ್ತಿ ಆಯಿತು. ಲಾಟ್ ನಂಬರು ಇನ್ನೂ ಓದಲು ಬರುತ್ತದೆ. ಕಂಪನಿಯವರು ಯಾರಾದರೂ ಇದನ್ನು ಓದಿದರೆ ಈಗಲೂ ಬಂದು ನೋಡಬಹುದು. ಸಂಪಾದಕರ ಹತ್ತಿರ ನನ್ನ ವಿಳಾಸ ಇದೆ.